ಪ್ರತಿ: ಕ್ಯಾನ್ಸರ್‌ಗೆ ಸ್ತನ ತೆಗೆಯುವಾಗಲೇ ಮರುರಚನೆಯನ್ನೂ (ಸ್ತನದ ಆಕಾರ ಮತ್ತೆ ಕಟ್ಟುವ ಆಪರೇಷನ್) ಮಾಡಿಸಲಾ, ಆಮೇಲಾ?
ಅಕ್ಕಾ, ಮೊದಲು ರೇಡಿಯೇಷನ್ ಇದೆಯಾ ಅಂತ ಡಾಕ್ಟರನ್ನು ಕೇಳಿ. ಇದ್ದರೆ ಇಂಪ್ಲಾಂಟ್ (ಆಕಾರಕ್ಕೆಂದು ಒಳಗಿಡುವ ಕೃತಕ ಚೀಲ) ಸುತ್ತ ಗಟ್ಟಿಯಾಗುವ ಸಾಧ್ಯತೆ ಜಾಸ್ತಿ. ಹೊಟ್ಟೆಯ ಚರ್ಮ, ಕೊಬ್ಬು ತೆಗೆದು ಅದರಿಂದಲೇ ಸ್ತನ ಮಾಡುವುದೂ ಇದೆ. ಆದರೆ ದೊಡ್ಡ ಆಪರೇಷನ್, ಕೆಲವು ವಾರ ಭಾರ ಎತ್ತುವಂತಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗಂತೂ ಇಟ್ಟುಕೊಳ್ಳಬೇಡಿ! ಯಾವುದು ಮಾಡಿಸಿದರೂ ಮುಟ್ಟಿದರೆ ಸಾಮಾನ್ಯವಾಗಿ ಮೊದಲಿನಷ್ಟು ಗೊತ್ತಾಗುವುದಿಲ್ಲ.

ನಾನು ಮಾಡಿಸಲಿಲ್ಲ. ತೀರ್ಥಹಳ್ಳಿಯಲ್ಲಿ ಬ್ಲೌಸ್ ಹೊಲಿಯುವವರು ಒಳಗೊಂದು ಜೇಬು ಇಟ್ಟುಕೊಟ್ಟರು. ಅದರಲ್ಲಿ ಹತ್ತಿಯ ಪ್ಯಾಡ್, ಮೇಲೇರದಂತೆ ತಳದಲ್ಲಿ ಸಣ್ಣ ಸಾಸಿವೆ ಗಂಟು. ಮಳೆಗಾಲದಲ್ಲಿ ಬೇಗ ಒಣಗಲ್ಲ, ಎರಡು ಜೊತೆ ಇರಲಿ. ನನ್ನ ಜೊತೆಗೆ ಕೀಮೋ ತೆಗೆದುಕೊಂಡ ಹುಡುಗಿ ಮರುರಚನೆ ಮಾಡಿಸಿಕೊಂಡಳು, ಈಗ ಕನ್ನಡಿ ಮುಂದೆ ನಿಲ್ಲುತ್ತೇನೆ ಅಂತಾಳೆ. ಅವಳದೂ ಸರಿಯೇ ಅಲ್ವಾ? "ಈ ವಯಸ್ಸಿಗೆ ಯಾಕೆ" ಅನ್ನುವವರನ್ನು ಸುಮ್ನೆ ಬಿಡಿ. ಈಗ ತೋಚದಿದ್ದರೆ ವರ್ಷಗಳಾದ ಮೇಲೂ ಮಾಡಿಸಬಹುದು.