ಗುಂಪಿನಲ್ಲಿ ಜನ ಜಾಸ್ತಿಯಾದರೆ ಬುದ್ಧಿಯೂ ಜಾಸ್ತಿಯಾಗುತ್ತದಾ?

ಗಿಡಗಳನ್ನು ಗುರುತಿಸುವ ನಿಮ್ಮ ಆನ್‌ಲೈನ್ ಗುಂಪಿಗೆ ಇನ್ನೂ ಎಷ್ಟು ಜನ ಸೇರಿದರೆ ಉತ್ತರಗಳನ್ನು ಕಣ್ಣು ಮುಚ್ಚಿ ನಂಬಬಹುದು ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕುತ್ತಿದ್ದೆ.

ನಮ್ಮದು ಪತಂಗಗಳ ಗುಂಪು. ಯಾರೋ ಫೋಟೋ ಹಾಕುತ್ತಾರೆ, ಕಾಮೆಂಟಿನಲ್ಲಿ ಹೆಸರು ಬರುತ್ತದೆ, ಹೆಚ್ಚು ಜನ ಒಪ್ಪಿದ ಹೆಸರು ಪಟ್ಟಿ ಸೇರುತ್ತದೆ. ಪಟ್ಟಿ ದೊಡ್ಡದಾದ ಮೇಲೆ ಒಬ್ಬ ಸಂಶೋಧಕರಿಗೆ ಹೆಮ್ಮೆಯಿಂದ ಕೊಟ್ಟೆವು. ಒಂದನ್ನೊಂದು ಹೋಲುವ ಜಾತಿಗಳಲ್ಲಿ ತಪ್ಪು ವಿಪರೀತ ಇದೆ, ಯಾವುದನ್ನು ನಂಬಬೇಕೋ ತಿಳಿಯುವುದಿಲ್ಲ ಅಂತ ಅವರು ವಾಪಸ್ ಕಳಿಸಿದರು. ವರ್ಷಗಳ ಕೆಲಸ ಅದು.

ತಪ್ಪು ನನ್ನದೇ. ಮೊದಲ ಉತ್ತರ ಎಲ್ಲರಿಗೂ ಕಾಣುವಂತೆ ಬಿಟ್ಟಿದ್ದೆ. ಸಣ್ಣ ವಿಷಯ ಅನ್ನಿಸಬಹುದು, ಬಿಡಿಸಿ ಹೇಳುತ್ತೇನೆ. ಗುಂಪಿನಲ್ಲಿ ಎಲ್ಲರೂ ಗೌರವಿಸುವ ಹಿರಿಯರೊಬ್ಬರು ಮೊಬೈಲಿನಲ್ಲೇ ನೋಡಿ ಒಂದು ಹೆಸರು ಬರೆಯುತ್ತಿದ್ದರು. ನಂತರ ಬಂದವರು ಫೋಟೋಗಿಂತ ಮೊದಲು ಆ ಹೆಸರನ್ನು ನೋಡುತ್ತಿದ್ದರು. ಸುಮ್ನೆ ಲೈಕ್ ಒತ್ತಿ ಮುಂದೆ ಹೋಗುತ್ತಿದ್ದರು. ನಲವತ್ತು ಜನರ ಒಪ್ಪಿಗೆ ಅಂತ ನಾವು ಬರೆದುಕೊಂಡದ್ದು ನಿಜವಾಗಿ ಒಬ್ಬರು ಒಮ್ಮೆ ನೋಡಿ ಹೇಳಿದ ಮಾತು. ಎಲ್ಲರೂ ಬೇರೆ ಬೇರೆಯಾಗಿ ನೋಡಿದ್ದರೆ ತಪ್ಪುಗಳೂ ಬೇರೆ ಬೇರೆ ಕಡೆಗೆ ಹೋಗುತ್ತಿದ್ದವು, ಚದುರಿಹೋಗುತ್ತಿದ್ದವು. ನಕಲು ಮಾಡಿದ ತಪ್ಪು ಒಂದೇ ಕಡೆ ರಾಶಿ ಬೀಳುತ್ತದೆ.

ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. ಆಮೇಲೆ ಹಳೇ ನೋಟಿಫಿಕೇಶನ್ ಮೇಲ್‌ಗಳನ್ನು ತೆಗೆದು ನೋಡಿದೆ. ಒಬ್ಬ ಹುಡುಗ ಹಿಂದಿನ ರೆಕ್ಕೆಯ ಚುಕ್ಕೆ ಗಮನಿಸಿ ಸರಿಯಾದ ಹೆಸರು ಬರೆದಿದ್ದ. ಹಿರಿಯರ ಉತ್ತರ ನೋಡಿದ ಮೇಲೆ ತನ್ನದನ್ನು ಅಳಿಸಿಬಿಟ್ಟಿದ್ದ. ಗೊತ್ತಿದ್ದವನು ನಮ್ಮ ಗುಂಪಿನಲ್ಲೇ ಇದ್ದ, ಅಲ್ವಾ? ಇನ್ನೂ ಸಾವಿರ ಜನ ಸೇರಿದ್ದರೂ ಅವನ ಕಾಮೆಂಟ್ ವಾಪಸ್ ಬರುತ್ತಿರಲಿಲ್ಲ.

ಹಾಗಾಗಿ ‘ಎಷ್ಟು ಜನ’ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಒಂದು ಎತ್ತಿನ ಮಾಂಸದ ತೂಕ ಊಹಿಸುವ ಪಂದ್ಯ ನಡೆಯಿತು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಊಹೆ ಬರೆದ 787 ಚೀಟಿಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿ ನೋಡಿದರು. ನಡುವಿನ ಊಹೆ 1,207 ಪೌಂಡ್, ನಿಜವಾದ ತೂಕ 1,198. ಜನಜಂಗುಳಿಯ ಜಾಣತನಕ್ಕೆ ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಚೀಟಿಯಲ್ಲಿ ಬರೆದಿದ್ದರು ಅನ್ನುವುದನ್ನು ಮರೆಯುತ್ತಾರೆ. 2007ರಲ್ಲಿ ಶುರುವಾದ ಗ್ಯಾಲಕ್ಸಿ ಝೂ ಅನ್ನುವ ವೆಬ್‌ಸೈಟ್ ಕೂಡ ಹೀಗೇ. ಅಲ್ಲಿ ಸಾಮಾನ್ಯ ಜನ ಫೋಟೋ ನೋಡಿ ಗ್ಯಾಲಕ್ಸಿಯ ಆಕಾರ ಗುರುತಿಸುವಾಗ ಬೇರೆಯವರ ಉತ್ತರ ಕಾಣುವುದಿಲ್ಲ.

ಎಲ್ಲವನ್ನೂ ಮುಚ್ಚಿಡಿ ಅಂತ ಹೇಳುತ್ತಿಲ್ಲ. 2009ರಲ್ಲಿ ಗಣಿತಜ್ಞ ಟಿಮೊತಿ ಗವರ್ಸ್ ಒಂದು ಪ್ರಮೇಯಕ್ಕೆ ಹೊಸ ರುಜುವಾತು ಹುಡುಕಲು ಇಂಟರ್ನೆಟ್‌ನಲ್ಲಿ ಎಲ್ಲರನ್ನೂ ಕರೆದರು. ಎಲ್ಲ ಬಹಿರಂಗವಾಗಿಯೇ ನಡೆಯಿತು, ಕೆಲವೇ ವಾರಗಳಲ್ಲಿ ದಾರಿ ಸಿಕ್ಕಿತು. ಗಣಿತದಲ್ಲಿ ಪ್ರತಿ ಹೆಜ್ಜೆಯನ್ನೂ ಯಾರು ಬೇಕಾದರೂ ಪರೀಕ್ಷಿಸಬಹುದು. ಹೆಸರಿನ ಬಲದ ಮೇಲೆ ತಪ್ಪು ಹೆಜ್ಜೆ ನಿಲ್ಲುವುದಿಲ್ಲ. ಒಂದು ಮಸುಕು ಫೋಟೋಗೆ ಆ ರಕ್ಷಣೆ ಇಲ್ಲ.

ನೀವು ಹೊಸಬರನ್ನು ಸೇರಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಮೊದಲ ದಿನ ಕಾಮೆಂಟ್ ಮುಚ್ಚಿ, ಉತ್ತರಗಳನ್ನು ಫಾರ್ಮ್‌ನಲ್ಲಿ ಪಡೆಯಿರಿ. ಮಾರನೇ ದಿನ ಬರೆದವರ ಹೆಸರಿಲ್ಲದೆ ಎಲ್ಲವನ್ನೂ ಹಾಕಿ, ಚರ್ಚೆ ಆಗಲಿ. ಉತ್ತರ ಬದಲಿಸುವವರು ಎಲೆಯದ್ದೋ ಹೂವಿನದ್ದೋ ಯಾವ ಗುರುತು ನೋಡಿ ಬದಲಿಸಿದರು ಅಂತ ಬರೆಯಲೇಬೇಕು. ಅವರ ಮೊದಲ ದಿನದ ಉತ್ತರವನ್ನು ಮಾತ್ರ ಅಳಿಸಬೇಡಿ.