ಬಾಗಿಲು ತೆರೆದಿದೆ, ಆದರೂ ಮನಸ್ಸಿಲ್ಲ

ಪ್ರಶ್ನೆ: ಅಕ್ಕಾ, ಕ್ರಿಸ್ತನಲ್ಲಿ ವಂದನೆಗಳು. ನಾನು ಶಾಲಾ ಶಿಕ್ಷಕಿ. ಬೇರೆ ಊರಿನ ಶಾಲೆಯೊಂದು ನನ್ನನ್ನು ಮುಖ್ಯ ಶಿಕ್ಷಕಿಯಾಗಿ ಬನ್ನಿ ಅಂತ ಕರೆದಿದೆ. ನಾನು ಅರ್ಜಿಯನ್ನೇ ಹಾಕಿರಲಿಲ್ಲ. ‘ಕೇಳದೆಯೇ ಬಾಗಿಲು ತೆರೆದಿದೆ, ಇದು ದೇವರ ಚಿತ್ತವೇ’ ಅಂತ ಸಭೆಯಲ್ಲಿ ಎಲ್ಲರೂ ಹೇಳುತ್ತಾರೆ. ಪ್ರಾರ್ಥನಾ ಗುಂಪಿನ ಹಿರಿಯ ಸಹೋದರಿಯೊಬ್ಬರು ‘ನೀನು ಹೋಗಬೇಕು ಅಂತ ಕರ್ತನು ನನಗೆ ತೋರಿಸಿದ್ದಾನೆ’ ಅಂದರು. ಆದರೆ ನನಗೇ ಸಮಾಧಾನವಿಲ್ಲ. ವಯಸ್ಸಾದ ಅಮ್ಮ ನನ್ನ ಜೊತೆಗಿದ್ದಾರೆ. ‘ಶುಕ್ರವಾರದೊಳಗೆ ಆ ಶಾಲೆಯಿಂದ ಫೋನ್ ಬಂದರೆ ಹೋಗುತ್ತೇನೆ’ ಅಂತ ಪ್ರಾರ್ಥಿಸಿದ್ದೆ. ಫೋನ್ ಬಂದದ್ದು ಶನಿವಾರ ಬೆಳಿಗ್ಗೆ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಲಿ? ತಿಂಗಳ ಕೊನೆಗೆ ಉತ್ತರ ಕೊಡಬೇಕು.

ಉತ್ತರ: ಪ್ರಿಯ ಸಹೋದರಿ, ಶನಿವಾರದ ಫೋನಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಶುಕ್ರವಾರವೇ ಬಂದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಹೀಗೆ ಗುರುತು ಕೇಳುವವರೆಲ್ಲ ಬೈಬಲಿನ ಗಿದ್ಯೋನನ ಹೆಸರು ತೆಗೆಯುತ್ತಾರೆ. ಕಣದಲ್ಲಿ ಕುರಿಯ ಉಣ್ಣೆ ಇಟ್ಟು, ಒಂದು ರಾತ್ರಿ ಉಣ್ಣೆ ಮಾತ್ರ ನೆನೆಯಲಿ ಅಂದ, ಮರುರಾತ್ರಿ ನೆಲ ಮಾತ್ರ ನೆನೆಯಲಿ ಅಂದ. ಆದರೆ ನ್ಯಾಯಸ್ಥಾಪಕರು 6ನೇ ಅಧ್ಯಾಯವನ್ನು ಮೊದಲಿಂದ ಓದಿ ನೋಡಿ. ಇಸ್ರಾಯೇಲ್ಯರನ್ನು ಶತ್ರುಗಳ ಕೈಯಿಂದ ರಕ್ಷಿಸಬೇಕು ಅಂತ ದೇವರು ಅವನಿಗೆ ಆಗಲೇ ಬಿಡಿಸಿ ಹೇಳಿಯಾಗಿತ್ತು. ‘ನೀನು ಹೇಳಿದಂತೆಯೇ’ ಅನ್ನುವ ಮಾತು ಅವನ ಬಾಯಲ್ಲೇ ಬರುತ್ತದೆ. ಎರಡನೇ ಸಲ ಕೇಳುವಾಗ ‘ಕೋಪ ಮಾಡಿಕೊಳ್ಳಬೇಡ’ ಅಂತ ಬೇಡಿಕೊಳ್ಳುತ್ತಾನೆ. ಅವನಿಗೆ ದಾರಿ ಗೊತ್ತಿತ್ತು, ಧೈರ್ಯ ಸಾಲುತ್ತಿರಲಿಲ್ಲ. ದೇವರು ಆ ಹೆದರಿಕೆಯನ್ನು ಸಹಿಸಿಕೊಂಡ, ಅಷ್ಟೇ. ದಾರಿ ಗೊತ್ತಿಲ್ಲದವರು ಫೋನ್ ಬರುವ ದಿನ ನೋಡಿ ತೀರ್ಮಾನಿಸಲಿ ಅಂತ ಆ ಕಥೆ ಹೇಳುವುದಿಲ್ಲ.

ಈಗ ತೆರೆದ ಬಾಗಿಲಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಈ ಒಂದು ಮಾತು ನಮ್ಮ ಸಭೆಗಳಲ್ಲಿ ಎಷ್ಟೋ ಜನರ ಮೇಲೆ ಭಾರ ಹೇರಿದೆ. 2 ಕೊರಿಂಥ 2ನೇ ಅಧ್ಯಾಯದಲ್ಲಿ, 12 ಮತ್ತು 13ನೇ ವಚನ ತೆಗೆಯಿರಿ. ಅಪೊಸ್ತಲ ಪೌಲ ಸುವಾರ್ತೆ ಸಾರಲು ತ್ರೋವ ಪಟ್ಟಣಕ್ಕೆ ಬಂದಿದ್ದಾನೆ. ಕರ್ತನ ಕೆಲಸಕ್ಕೆ ಬಾಗಿಲು ತೆರೆದಿತ್ತು ಅಂತ ಅವನೇ ಬರೆಯುತ್ತಾನೆ. ಆದರೆ ಅವನ ಜೊತೆ ಸೇವೆ ಮಾಡುತ್ತಿದ್ದ ತೀತ ಅಲ್ಲಿ ಸಿಗಲಿಲ್ಲ. ಕೊರಿಂಥದ ಸಭೆಯ ಸುದ್ದಿ ತೀತನೇ ತರಬೇಕಿತ್ತು. ಪೌಲನ ಮನಸ್ಸಿಗೆ ನೆಮ್ಮದಿ ಇಲ್ಲ. ಅಲ್ಲಿಯವರಿಗೆ ಹೇಳಿ, ಮಕೆದೋನ್ಯಕ್ಕೆ ಹೊರಟೇಬಿಟ್ಟ. ತೆರೆದ ಬಾಗಿಲನ್ನು ಬಿಟ್ಟು ಹೋದ! ಅದಕ್ಕಾಗಿ ಅವನನ್ನು ದೇವರು ಗದರಿಸಿದ ಅಂತ ಎಲ್ಲೂ ಬರೆದಿಲ್ಲ. ಅಂದಮೇಲೆ ತೆರೆದ ಬಾಗಿಲು ಒಂದು ಅವಕಾಶ. ಒಳಗೆ ಹೋಗಲೇಬೇಕು ಅನ್ನುವ ಆಜ್ಞೆ ಅಲ್ಲ.

ಇನ್ನೊಂದು ಗಮನಿಸಿ. ತನಗೆ ಯಾಕೆ ನೆಮ್ಮದಿ ಇಲ್ಲ ಅಂತ ಪೌಲನಿಗೆ ಗೊತ್ತಿತ್ತು. ತೀತ ಬಂದಿಲ್ಲ. ನಿಮ್ಮ ಪತ್ರದಲ್ಲಿ ‘ಸಮಾಧಾನವಿಲ್ಲ’ ಅಂತ ಇದೆ, ಯಾಕೆ ಅಂತ ಇಲ್ಲ. ಅಮ್ಮನ ವಿಷಯ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದಾ? ಇಷ್ಟು ದೊಡ್ಡ ಜವಾಬ್ದಾರಿ ನನ್ನಿಂದ ಆಗುತ್ತದಾ ಅನ್ನುವುದಾ? ಅಥವಾ ಈಗಿನ ತರಗತಿಯ ಮಕ್ಕಳನ್ನು ಬಿಡಲು ಆಗುತ್ತಿಲ್ಲವಾ? ಮೂರೂ ಬೇರೆ ಬೇರೆ, ಅಲ್ವಾ? ‘ಹೋಗಲೋ ಬೇಡವೋ’ ಅಂತ ಕೇಳುವುದನ್ನು ಕೆಲವು ದಿನ ನಿಲ್ಲಿಸಿ. ‘ಕರ್ತನೇ, ನನಗೆ ಇದರ ಹೆದರಿಕೆ’ ಅಂತ ಆ ಒಂದೊಂದನ್ನೂ ಹೆಸರಿಟ್ಟು ಹೇಳಿ. ಜ್ಞಾನ ಕಡಿಮೆಯಾದವರು ಕೇಳಲಿ, ದೇವರು ಹಂಗಿಸದೆ ಕೊಡುತ್ತಾನೆ ಅಂತ ಯಾಕೋಬನ ಪತ್ರಿಕೆ ಹೇಳುತ್ತದೆ (1:5). ಆತನು ಅಲ್ಲಿ ಮಾತು ಕೊಟ್ಟಿರುವುದು ಜ್ಞಾನ ಕೊಡುತ್ತೇನೆ ಅಂತ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಆಫೀಸಿನ ಕೆಲಸ ಬಿಟ್ಟು ಸಭೆಯ ಮಕ್ಕಳ ಮನೆ ನೋಡಿಕೊಳ್ಳಲು ಬನ್ನಿ ಅಂತ ಹಿರಿಯರು ಕರೆದಾಗ ನಾನು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಕೆಲವು ದಿನ ‘ಹೋಗುತ್ತೇನೆ’ ಅಂತ ನಿರ್ಧಾರ ಆಗಿಯೇ ಹೋದಂತೆ ಬದುಕಿದೆ. ಆಮೇಲೆ ಕೆಲವು ದಿನ ‘ಹೋಗುವುದಿಲ್ಲ’ ಅಂತ. ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಎರಡು ಸಾಲು ಬರೆಯುತ್ತಿದ್ದೆ. ‘ಹೋಗುವುದಿಲ್ಲ’ ಪುಟಗಳಲ್ಲಿ ಹೀಗಿತ್ತು: ‘ಬೆಳಿಗ್ಗೆ ನಿರಾಳ. ಮಧ್ಯಾಹ್ನದಿಂದ ಏನೂ ಬೇಡ ಅನ್ನಿಸುತ್ತಿದೆ.’ ‘ಹೋಗುತ್ತೇನೆ’ ಪುಟಗಳಲ್ಲಿ: ‘ಸಂಬಳದ ಚಿಂತೆ. ನಿದ್ದೆ ಕಡಿಮೆ. ಆದರೂ ಮಕ್ಕಳ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದೇನೆ, ನಿಲ್ಲಿಸಲು ಆಗುತ್ತಿಲ್ಲ.’ ಹೆದರಿಕೆ ಇದ್ದ ಕಡೆಯೇ ಜೀವ ಇತ್ತು. ನಿರಾಳವೂ ಸಮಾಧಾನವೂ ಒಂದೇ ಅಂತ ಅಂದುಕೊಳ್ಳುವುದು ಬಹಳ ಸುಲಭ. ನಿರಾಳ ಬೇಗ ಒಣಗುತ್ತದೆ. ನಿಮ್ಮ ಪುಟಗಳು ನನ್ನದಕ್ಕೆ ತದ್ವಿರುದ್ಧವಾಗಿ ಬರಬಹುದು. ಹಾಗೆ ಬಂದರೆ ಅದನ್ನೂ ನಂಬಿ.

ಪ್ರಾರ್ಥಿಸುವಾಗ ಲೆಕ್ಕ ಹಾಕಬಾರದು ಅಂತ ಯಾರಾದರೂ ಹೇಳಿದರೆ ನೆಹೆಮೀಯನನ್ನು ತೋರಿಸಿ. ಪರ್ಷಿಯದ ಅರಸನ ಸೇವಕನಾಗಿದ್ದ ಅವನು, ಯೆರೂಸಲೇಮಿನ ಗೋಡೆ ಬಿದ್ದಿದೆ ಅಂತ ಕೇಳಿ, ಯೆಹೂದ್ಯರ ಕಿಸ್ಲೇವ್ ತಿಂಗಳಲ್ಲಿ ಅತ್ತು ಉಪವಾಸವಿದ್ದು ಪ್ರಾರ್ಥನೆ ಶುರು ಮಾಡಿದ. ಅರಸನ ಮುಂದೆ ಮಾತು ಬಂದದ್ದು ನೀಸಾನ್‌ನಲ್ಲಿ, ಸುಮಾರು 4 ತಿಂಗಳ ಮೇಲೆ. ‘ನಿನಗೇನು ಬೇಕು’ ಅಂತ ಅರಸ ಕೇಳಿದ ತಕ್ಷಣ ಮನಸ್ಸಿನಲ್ಲೇ ಒಂದು ಪ್ರಾರ್ಥನೆ ಮಾಡಿ, ಪಟ್ಟಿಯನ್ನೇ ಹೇಳಿದ: ಎಷ್ಟು ಕಾಲ ಬೇಕು, ಯಾವ ಅಧಿಕಾರಿಗಳಿಗೆ ಪತ್ರ ಬೇಕು, ಬಾಗಿಲುಗಳಿಗೆ ಮರ ಎಲ್ಲಿಂದ ಬರಬೇಕು. ಆ ತಿಂಗಳುಗಳ ಪ್ರಾರ್ಥನೆಯಲ್ಲೇ ಅದೆಲ್ಲ ತಯಾರಾಗಿತ್ತು. ನೀವೂ ಆ ಶಾಲೆಯವರನ್ನು ಕೇಳಿ: ಮನೆ ಕೊಡುತ್ತಾರಾ, ಅಮ್ಮನನ್ನು ಕರೆದುಕೊಂಡು ಬರಬಹುದಾ, ಹತ್ತಿರ ಆಸ್ಪತ್ರೆ ಇದೆಯಾ. ಮೊದಲು ಅಮ್ಮನನ್ನೇ ಕೇಳಿ! ಅವರ ಅಭಿಪ್ರಾಯ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ.

ಆ ಹಿರಿಯ ಸಹೋದರಿಯ ಮಾತನ್ನು ತಳ್ಳಿಹಾಕಬೇಡಿ, ಹಾಗಂತ ಅದಕ್ಕೆ ಕಟ್ಟುಬೀಳಲೂ ಬೇಡಿ. ಅಪೊಸ್ತಲರ ಕೃತ್ಯಗಳು 21ರಲ್ಲಿ ಅಗಬ ಎಂಬ ಪ್ರವಾದಿ ಪೌಲನ ನಡುಕಟ್ಟನ್ನು ತೆಗೆದು, ತನ್ನ ಕೈಕಾಲು ಕಟ್ಟಿಕೊಂಡು, ಯೆರೂಸಲೇಮಿನಲ್ಲಿ ನಿನಗೆ ಹೀಗಾಗುತ್ತದೆ ಅಂದ. ಎಲ್ಲರೂ ಹೋಗಬೇಡ ಅಂತ ಅತ್ತರು. ಅಗಬ ಹೇಳಿದ್ದು ಸುಳ್ಳಲ್ಲ. ಆದರೂ ಹೋಗುವ ನಿರ್ಧಾರ ಪೌಲನದೇ ಆಗಿತ್ತು. ಆಮೇಲೆ ಅವರೇ ‘ಕರ್ತನ ಚಿತ್ತದಂತೆ ಆಗಲಿ’ ಅಂತ ಸುಮ್ಮನಾದರು. ‘ಅಕ್ಕಾ, ನೀವು ಹೇಳಿದ್ದನ್ನು ಪ್ರಾರ್ಥನೆಯಲ್ಲಿ ಇಟ್ಟಿದ್ದೇನೆ, ನನಗೂ ಕೇಳಿಸಲಿ ಅಂತ ನೀವೂ ಪ್ರಾರ್ಥಿಸಿ’ ಅನ್ನಿ. ಸಾಕು. ತಿಂಗಳ ಕೊನೆಗೆ ಮನಸ್ಸು ತಿಳಿಯಾಗದಿದ್ದರೆ ಶಾಲೆಯವರ ಹತ್ತಿರ ಇನ್ನೂ ಸ್ವಲ್ಪ ಸಮಯ ಕೇಳಿ, ಅದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ಪ್ರಾರ್ಥಿಸಿ, ಹಿರಿಯರನ್ನು ಕೇಳಿ, ಸಂತೋಷದಿಂದಲೇ ಹೊಸ ಕೆಲಸಕ್ಕೆ ಸೇರಿದೆ. ಈಗ ಬರೀ ಕಷ್ಟ. ಮೇಲಿನವರ ಬೈಗುಳ, ಎರಡು ತಿಂಗಳ ಸಂಬಳ ಬಾಕಿ. ಪ್ರಾರ್ಥನೆ ಮಾಡಲೂ ಮನಸ್ಸು ಬರುತ್ತಿಲ್ಲ. ದೇವರ ಚಿತ್ತ ತಪ್ಪಿ ನಡೆದೆನೇ? ನಾಳೆಯೇ ರಾಜೀನಾಮೆ ಕೊಡಲೇ?

ಉತ್ತರ: ನಾಳೆ ಬೇಡ, ಸಹೋದರರೇ. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡು ಹಾಸಿಗೆ ಹಿಡಿದ ಇಗ್ನೇಷಿಯಸ್ ಲೊಯೋಲಾ (ಮುಂದೆ ಕ್ಯಾಥೋಲಿಕ್ ಸಭೆಯ ಜೆಸ್ವಿಟ್ ಸಂಘ ಕಟ್ಟಿದವರು), ಮಲಗಿದ್ದಲ್ಲೇ ತನ್ನ ಮನಸ್ಸಿನ ಏರಿಳಿತ ಗಮನಿಸಲು ಕಲಿತರು. ಮುಂದೆ ಅವರು ಕೊಟ್ಟ ಸಲಹೆ ಇದು: ಮನಸ್ಸು ಕತ್ತಲಲ್ಲಿರುವಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬೇಡಿ. ಪ್ರಾರ್ಥನೆಯನ್ನು ಸ್ವಲ್ಪ ಜಾಸ್ತಿ ಮಾಡಿ. ನಾನು ಕ್ಯಾಥೋಲಿಕ್ ಅಲ್ಲ, ಆದರೂ ಈ ಮಾತನ್ನು ಎಷ್ಟೋ ಜನರಿಗೆ ಹೇಳಿದ್ದೇನೆ.

ಕಷ್ಟ ಬಂದ ಮಾತ್ರಕ್ಕೆ ದಾರಿ ತಪ್ಪಿದೆ ಅಂತ ಅಲ್ಲ. ಮಕೆದೋನ್ಯಕ್ಕೆ ಬಾ ಅಂತ ಪೌಲ ದರ್ಶನದಲ್ಲೇ ಕಂಡಿದ್ದ. ಅಲ್ಲಿನ ಫಿಲಿಪ್ಪಿಯಲ್ಲಿ ಛಡಿ ಏಟು ತಿಂದು ಸೆರೆಮನೆ ಸೇರಿದ. ಮನಸ್ಸು ಸ್ವಲ್ಪ ತಿಳಿಯಾಗಲಿ. ಮೊದಲು ಯಾರ ಜೊತೆ ಪ್ರಾರ್ಥಿಸಿ ನಿರ್ಧರಿಸಿದ್ದಿರೋ ಅದೇ ಹಿರಿಯರ ಜೊತೆ ಮತ್ತೆ ಕೂತು ಮಾತಾಡಿ. ಆಗ ಬಿಡುವುದೇ ಸರಿ ಅಂತ ಕಂಡರೆ ಬಿಡಿ, ಅದರಲ್ಲಿ ಪಾಪವೇನಿಲ್ಲ. ಬಾಕಿ ಸಂಬಳಕ್ಕೆ ಮಾತ್ರ ಯಾವ ದರ್ಶನವೂ ಬೇಕಿಲ್ಲ. ಕೆಲಸಗಾರನ ಕೂಲಿ ಹಿಡಿದಿಡುವುದು ತಪ್ಪು ಅಂತ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲೇ ಇದೆ. ಈ ವಾರವೇ ಬರವಣಿಗೆಯಲ್ಲಿ ಕೇಳಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.