ಶಾಸನದ ಕಲ್ಲಿಗೆ ಪೈಂಟ್ ಹಚ್ಚಬಹುದೇ?

ಪ್ರಶ್ನೆ: ನಮ್ಮ ದೇವಸ್ಥಾನದ ಅಂಗಳದಲ್ಲಿ ಹಳೆಯ ಕನ್ನಡ ಶಾಸನದ ಕಲ್ಲೊಂದಿದೆ. ಅಕ್ಷರ ಸವೆದಿದೆ. ಬ್ರಹ್ಮಕಲಶಕ್ಕೆ ಮೊದಲು ಉಜ್ಜಿ ತೊಳೆದು, ಅಕ್ಷರಗಳಿಗೆ ಬಿಳಿ ಪೈಂಟ್ ತುಂಬಿಸೋಣ ಎಂದು ಸಮಿತಿಯವರು ಹೇಳುತ್ತಾರೆ. ಮಗಳು ಸ್ಕ್ಯಾನ್ ಮಾಡಿಸಿ ಅನ್ನುತ್ತಾಳೆ. ಫೋಟೊ ತೆಗೆದರೆ ಸಾಲದೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ದಯವಿಟ್ಟು ಪೈಂಟ್ ಬೇಡ. ಸವೆದ ಅಕ್ಷರ ‘ಪ’ವೋ ‘ವ’ವೋ ಎಂಬ ಅನುಮಾನ ಇದ್ದಲ್ಲಿ, ಬಣ್ಣ ಹಚ್ಚುವವರು ತಮಗೆ ತೋಚಿದ್ದನ್ನು ಬರೆದುಬಿಡುತ್ತಾರೆ. ಮುಂದೆ ಬಂದವರು ಅದನ್ನೇ ಓದುತ್ತಾರೆ. ನಮ್ಮ ಗಡಿನಾಡಿನ ಕನ್ನಡಕ್ಕೆ ಕಾಸರಗೋಡಿನ ತಳಂಗೆರೆ ಶಾಸನದಂಥ ಕಲ್ಲುಗಳೇ ಸಾಕ್ಷಿ. ಸಾಕ್ಷಿಯನ್ನು ತಿದ್ದಬಾರದು, ಅಲ್ವಾ?

ಒಂದು ಫೋಟೊದಲ್ಲಿ ಒಂದೇ ಬೆಳಕು ಇರುತ್ತದೆ. ನಡುಮಧ್ಯಾಹ್ನ ತೆಗೆದರೆ ಅಕ್ಷರ ಕಾಣುವುದೇ ಇಲ್ಲ. ನಾನು ಕುಂಬಳೆ ಕಡೆಯ ಕಲ್ಲುಗಳನ್ನು ಓದುವಾಗ ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯುತ್ತಿದ್ದೆ. ಆಗ ಸಣ್ಣ ಗೀರಿಗೂ ನೆರಳು ಬೀಳುತ್ತದೆ. ಆರ್‌ಟಿಐ ಎಂಬ ವಿಧಾನವೂ ಇದನ್ನೇ ಮಾಡುತ್ತದೆ (ಮಾಹಿತಿ ಹಕ್ಕಿನ ಅರ್ಜಿ ಬೇರೆ!). ಕ್ಯಾಮೆರಾ ಅಲುಗಾಡದಂತೆ ಇಟ್ಟು, ಬೆಳಕನ್ನು ಮಾತ್ರ ಸುತ್ತಲೂ ಬದಲಿಸುತ್ತಾ ಹತ್ತಾರು ಫೋಟೊ ತೆಗೆಯುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಬೇಕಾದ ದಿಕ್ಕಿನಿಂದ ಬೆಳಕು ಬಿಟ್ಟು ನೋಡಬಹುದು. ಗ್ರೀಸಿನ ಸಮುದ್ರದಲ್ಲಿ 1901ರಲ್ಲಿ ಸಿಕ್ಕ, ಗ್ರಹಗತಿ ಲೆಕ್ಕ ಹಾಕುವ ಪ್ರಾಚೀನ ಆಂಟಿಕೈಥೆರಾ ಯಂತ್ರವನ್ನು 2005ರಲ್ಲಿ ಹೀಗೆಯೇ ನೋಡಿದರು, ಜೊತೆಗೆ ಎಕ್ಸ್‌ರೇ ಸಿಟಿ ಸ್ಕ್ಯಾನನ್ನೂ ಮಾಡಿದರು. ನೂರು ವರ್ಷ ಯಾರಿಗೂ ಕಾಣದಿದ್ದ ಅಕ್ಷರಗಳು ಓದಲು ಸಿಕ್ಕವು.

3ಡಿ ಸ್ಕ್ಯಾನ್ ಅಕ್ಷರದ ಆಳವನ್ನೇ ಅಳೆದಿಡುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಅಲ್ಲಿನ ಶಾಸನಗಳನ್ನು ಹೀಗೆ ಸ್ಕ್ಯಾನ್ ಮಾಡುತ್ತಿದ್ದಾರೆ. ಶಾಸನದ ಪ್ರತಿ ತೆಗೆಯುವ ಹಳೆಯ ಪಡಿಯಚ್ಚಿಗೆ ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಕಿ ಬ್ರಷ್‌ನಿಂದ ಬಡಿಯಬೇಕು. ಸ್ಕ್ಯಾನ್‌ನಲ್ಲಾದರೆ ಕಲ್ಲನ್ನು ಮುಟ್ಟುವ ಪ್ರಮೇಯವೇ ಇಲ್ಲ.

ಸ್ಕ್ಯಾನರ್ ಸಿಗದಿದ್ದರೆ ನಿಮ್ಮ ಮಗಳ ಮೊಬೈಲ್ ಆದರೂ ನಡೆಯುತ್ತದೆ. ಮೋಡದ ದಿನ, ಆದರೆ ಕಲ್ಲು ಒಣಗಿರಬೇಕು. ಒದ್ದೆ ಕಲ್ಲಿನ ಹೊಳಪು ಸಾಫ್ಟ್‌ವೇರನ್ನು ದಾರಿ ತಪ್ಪಿಸುತ್ತದೆ. ಹಾಗಾಗಿ ತುಲಾ ತಿಂಗಳ ಮಳೆ ಮುಗಿಯಲಿ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಫ್ಲಾಶ್ ಬೇಡ. ಒಂದು ಫೋಟೊದಲ್ಲಿ ಕಂಡ ಭಾಗದ ಹೆಚ್ಚಿನಂಶ ಮುಂದಿನದರಲ್ಲೂ ಕಾಣುವಂತೆ ಸುತ್ತ ಬಂದು ತೆಗೆಯಲಿ. ಮೆಶ್‌ರೂಮ್ ಎಂಬ ಉಚಿತ ಸಾಫ್ಟ್‌ವೇರ್ ಇವನ್ನೆಲ್ಲ ಸೇರಿಸಿ 3ಡಿ ರೂಪ ಕಟ್ಟುತ್ತದೆ. ಮೂಲ ಫೋಟೊಗಳನ್ನು ಅಳಿಸಬೇಡಿ. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಗುಣಮಟ್ಟ ಕೆಡುತ್ತದೆ.

ಇದೆಲ್ಲ ಆಗುವವರೆಗೆ ಪಾಚಿಯನ್ನೂ ಕೆರೆಯಬೇಡಿ. ತಂತಿ ಬ್ರಷ್, ಆಸಿಡ್, ಪ್ರೆಷರ್ ವಾಷರ್ ಯಾವತ್ತೂ ಬೇಡ. ಓದಿಸಲು ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲಿದೆ, ಅವರಿಗೆ ಬರೆಯಿರಿ. ಇನ್ನು, ಅಂಗಳಕ್ಕೆ ಗ್ರಾನೈಟ್ ಹಾಸುವ ಯೋಚನೆ ಇದ್ದರೆ, ಕಲ್ಲು ಈಗ ನಿಂತ ಜಾಗ ಮತ್ತು ಮುಖ ಮಾಡಿದ ದಿಕ್ಕನ್ನು ಇವತ್ತೇ ಬರೆದಿಡಿ.